ಗಾಳಿಯನ್ನು ಮೇಲಕ್ಕೆತ್ತಿದ್ದು ಯಾರು? ಮಳೆ ಹುಟ್ಟುವ ಬಗೆ ಮತ್ತು ಮಳೆಯ ಬಗೆಗಳು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ನಕಾಶೆಯಲ್ಲಿ ಎರಡೂ ಊರಿಗೆ ನೇರ ಗೆರೆ ಎಳೆದರೆ ನಡುವಿನ ದೂರ 200 ಕಿಲೋಮೀಟರ್ ಕೂಡ ಇಲ್ಲ. ಜೂನ್, ಜುಲೈನಲ್ಲಿ ಎರಡರ ಮೇಲೂ ಬೀಸುವುದು ಅರಬ್ಬಿ ಸಮುದ್ರದಿಂದ ಬಂದ ಒಂದೇ ಗಾಳಿ. ಚಳ್ಳಕೆರೆಯ ಆಕಾಶದಲ್ಲೂ ದಿನವಿಡೀ ಮೋಡ ಓಡುತ್ತಿರುತ್ತದೆ. ಆದರೆ ಹನಿ ನೆಲಕ್ಕೆ ಬೀಳುವುದಿಲ್ಲ.

ನೀರಾವಿ ಇದ್ದರೆ ಮೋಡ ಆಗುತ್ತದೆ, ಮೋಡ ಆದರೆ ಮಳೆ ಬರುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ತಪ್ಪಲ್ಲ, ಆದರೆ ನಡುವೆ ಎರಡು ದೊಡ್ಡ ತಡೆಗಳಿವೆ. ಆವಿ ಸುಮ್ನೆ ಮೋಡವಾಗುವುದಿಲ್ಲ. ಮೋಡವೂ ಸುಮ್ನೆ ಮಳೆಯಾಗುವುದಿಲ್ಲ. ಈ ಎರಡು ತಡೆಗಳನ್ನು ನೀರು ಹೇಗೆ ದಾಟುತ್ತದೆ ಎಂಬುದು ತಿಳಿದರೆ, ಒಂದೊಂದು ಊರಿಗೆ ಒಂದೊಂದು ಥರದ ಮಳೆ ಯಾಕೆ ಎಂಬುದೂ ತಾನಾಗಿ ತಿಳಿಯುತ್ತದೆ.

ಏರಿದ ಗಾಳಿ ತಣ್ಣಗಾಗುತ್ತದೆ

ಗಾಳಿಯಲ್ಲಿ ನೀರು ಯಾವಾಗಲೂ ಆವಿಯಾಗಿ ಇದ್ದೇ ಇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಬಿಸಿ ಹೆಚ್ಚಿದಷ್ಟೂ ಹೆಚ್ಚು ಆವಿ ಇರಬಲ್ಲದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 30 ಗ್ರಾಂ ಆವಿ ಇರಬಹುದು. 20 ಡಿಗ್ರಿಗೆ ಇಳಿದರೆ 17 ಗ್ರಾಂ, 10 ಡಿಗ್ರಿಯಲ್ಲಿ 9 ಗ್ರಾಂ ಚಿಲ್ಲರೆ. ಅಂದರೆ ಆವಿ ತುಂಬಿದ ಬಿಸಿ ಗಾಳಿ ತಣ್ಣಗಾಗುತ್ತಾ ಹೋದರೆ, ಮಿಕ್ಕ ಆವಿ ನೀರಾಗಲೇಬೇಕು.

ಅಷ್ಟೊಂದು ಗಾಳಿ ತಣ್ಣಗಾಗುವುದು ಹೇಗೆ? ಮೇಲಕ್ಕೆ ಏರುವುದರಿಂದ. ಎತ್ತರಕ್ಕೆ ಹೋದಂತೆಲ್ಲ ಒತ್ತಡ ಕಡಿಮೆಯಾಗುತ್ತದೆ, ಏರುವ ಗಾಳಿ ಹಿಗ್ಗುತ್ತದೆ. ಹಿಗ್ಗಲು ಬೇಕಾದ ಶಕ್ತಿಯನ್ನು ತನ್ನೊಳಗಿನ ಶಾಖದಿಂದಲೇ ತೆಗೆದುಕೊಳ್ಳುತ್ತದೆ. ಹಾಗಾಗಿ ತಣ್ಣಗಾಗುತ್ತದೆ. ತುಂಬಿದ ಸೈಕಲ್ ಟ್ಯೂಬಿನ ವಾಲ್ವ್ ಒತ್ತಿ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದಲ್ಲ, ಅಲ್ಲಿ ನಡೆಯುವುದೂ ಇದೇ. ಮೋಡ ಕಟ್ಟುವ ಮುಂಚೆ ಪ್ರತಿ ಕಿಲೋಮೀಟರ್ ಏರಿಕೆಗೆ ಸುಮಾರು 10 ಡಿಗ್ರಿ ಇಳಿಯುತ್ತದೆ. ಅದು ದೊಡ್ಡ ಇಳಿಕೆಯೇ.

ಆವಿ ನೀರಾಗುವಾಗ ಇನ್ನೊಂದು ಸಂಗತಿ ನಡೆಯುತ್ತದೆ. ನೀರು ಆವಿಯಾಗುವಾಗ ಹೀರಿಕೊಂಡಿದ್ದ ಶಾಖ ಈಗ ಹೊರಗೆ ಬರುತ್ತದೆ. ಒಂದು ಗ್ರಾಂ ಆವಿ ನೀರಾದಾಗ ಬಿಡುವ ಶಾಖದಲ್ಲಿ ಸುಮಾರು 6 ಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಬಹುದು. ಈ ಶಾಖ ಸಿಕ್ಕಿದ್ದರಿಂದ ಮೋಡದೊಳಗಿನ ಗಾಳಿ ಸುತ್ತಲಿನ ಗಾಳಿಗಿಂತ ಬಿಸಿಯಾಗಿ ಉಳಿಯುತ್ತದೆ, ಇನ್ನೂ ಮೇಲಕ್ಕೆ ಏರುತ್ತದೆ. ಗುಡುಗು ಮೋಡದಿಂದ ಹಿಡಿದು ಚಂಡಮಾರುತದ ತನಕ ಎಲ್ಲಕ್ಕೂ ಬಲ ಸಿಗುವುದು ಇಲ್ಲಿಂದಲೇ.

ಆವಿಗೆ ಕೂರಲು ಒಂದು ಜಾಗವೂ ಬೇಕು. ಪೂರ್ತಿ ಶುದ್ಧವಾದ ಗಾಳಿಯಲ್ಲಿ ಆವಿ ಅಷ್ಟು ಸುಲಭವಾಗಿ ಹನಿಯಾಗುವುದಿಲ್ಲ. ಸಮುದ್ರದ ಅಲೆ ಚಿಮ್ಮಿಸಿದ ಉಪ್ಪಿನ ಕಣ, ಮಣ್ಣಿನ ಧೂಳು, ಹೊಗೆಯ ಕಣ, ಹೀಗೆ ಏನಾದರೂ ಸಿಗಬೇಕು. ಉಪ್ಪಿನ ಕಣ ಇದಕ್ಕೆ ತುಂಬಾ ಒಳ್ಳೆಯದು, ಯಾಕೆಂದರೆ ಅದಕ್ಕೆ ನೀರು ಹೀರುವ ಗುಣ ಇದೆ. ನಮ್ಮ ಮುಂಗಾರು ಗಾಳಿ ಸಾವಿರಾರು ಕಿಲೋಮೀಟರ್ ಸಮುದ್ರದ ಮೇಲೆಯೇ ಹಾದು ಬರುವುದರಿಂದ ಅದರಲ್ಲಿ ಇಂಥ ಕಣಗಳಿಗೆ ಬರ ಇಲ್ಲ.

ಇಷ್ಟಾದರೆ ಮೋಡ ಸಿದ್ಧ. ನಾವು ನೋಡುವ ಮೋಡ ಆವಿ ಅಲ್ಲ, ಅಸಂಖ್ಯಾತ ಪುಟ್ಟ ಹನಿಗಳು.

ಮೋಡದ ಹನಿ ಯಾಕೆ ಬೀಳುವುದಿಲ್ಲ?

ಮೋಡದ ಹನಿ ಒಂದು ಮಿಲಿಮೀಟರಿನ 50ನೇ ಒಂದು ಭಾಗದಷ್ಟು ಅಗಲ ಇರುತ್ತದೆ. ಅದು ಬೀಳುವುದು ಸೆಕೆಂಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ. ಒಂದು ಕಿಲೋಮೀಟರ್ ಎತ್ತರದಿಂದ ಹೊರಟರೆ ನೆಲ ಮುಟ್ಟಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಅಷ್ಟರೊಳಗೆ ಅದು ಆರಿಹೋಗಿರುತ್ತದೆ, ಇಲ್ಲವೇ ಮೇಲೇರುವ ಗಾಳಿ ಅದನ್ನು ಮತ್ತೆ ಎತ್ತಿಕೊಂಡು ಹೋಗಿರುತ್ತದೆ. ಮಳೆಹನಿ ಹಾಗಲ್ಲ. ಅದರ ಅಗಲ 2 ಮಿ.ಮೀ. ಇದ್ದರೆ ಸೆಕೆಂಡಿಗೆ 6 ಮೀಟರಿಗೂ ಹೆಚ್ಚು ವೇಗದಲ್ಲಿ ಬೀಳುತ್ತದೆ. ಅಂಥ ಒಂದು ಮಳೆಹನಿ ಆಗಬೇಕಾದರೆ ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಒಂದಾಗಬೇಕು. ಅದೂ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ! ಮಳೆಯ ವಿಜ್ಞಾನದಲ್ಲಿ ನಿಜವಾದ ಒಗಟು ಇದೇ ಎಂದು ನನಗನಿಸುತ್ತದೆ. ಮೋಡ ಕಟ್ಟುವುದು ಅಷ್ಟು ಕಷ್ಟವಲ್ಲ, ಹನಿ ಬೆಳೆಯುವುದು ಕಷ್ಟ.

ಅದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಡಿಕ್ಕಿಯ ದಾರಿ. ಮೋಡದಲ್ಲಿ ಎಲ್ಲ ಹನಿಗಳೂ ಒಂದೇ ಗಾತ್ರ ಇರುವುದಿಲ್ಲ. ದೊಡ್ಡ ಉಪ್ಪಿನ ಕಣದ ಮೇಲೆ ಕೂತ ಹನಿ ಕೊಂಚ ದಪ್ಪಗಿರುತ್ತದೆ. ಅದು ಬೇರೆಯವಕ್ಕಿಂತ ಬೇಗ ಬೀಳುತ್ತದೆ, ದಾರಿಯಲ್ಲಿ ಸಿಕ್ಕ ಸಣ್ಣ ಹನಿಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಸೇರಿದಷ್ಟೂ ಭಾರ, ಭಾರವಾದಷ್ಟೂ ವೇಗ. ವೇಗ ಹೆಚ್ಚಿದಂತೆ ಇನ್ನೂ ಹೆಚ್ಚು ಹನಿಗಳು ಸಿಗುತ್ತವೆ. ಇದಕ್ಕೂ ಮಿತಿ ಇದೆ. 5-6 ಮಿ.ಮೀ. ದಾಟಿದರೆ ಹನಿ ಗಾಳಿಯ ಹೊಡೆತಕ್ಕೆ ಒಡೆದು ಚೂರಾಗುತ್ತದೆ. ಅಂದ ಹಾಗೆ, ಚಿತ್ರಗಳಲ್ಲಿ ಬರೆಯುವಂತೆ ಮಳೆಹನಿ ಕಣ್ಣೀರಿನ ಆಕಾರದಲ್ಲಿ ಇರುವುದಿಲ್ಲ. ಸಣ್ಣದು ಗುಂಡಗೆ, ದೊಡ್ಡದು ಅಡಿಯಲ್ಲಿ ಚಪ್ಪಟೆ.

ಎರಡನೆಯದು ಮಂಜುಗಡ್ಡೆಯ ದಾರಿ. ಸುಡು ಬಿಸಿಲಿನ ನಾಡಿನಲ್ಲಿ ಬೀಳುವ ಮಳೆಗೂ ಮಂಜುಗಡ್ಡೆಗೂ ಏನು ಸಂಬಂಧ ಅನ್ನಿಸಬಹುದು. ನಮ್ಮ ಕಡೆ ಸುಮಾರು 5 ಕಿಲೋಮೀಟರ್ ಮೇಲಕ್ಕೆ ಹೋದರೆ ಉಷ್ಣತೆ ಸೊನ್ನೆಗೆ ಇಳಿಯುತ್ತದೆ. ಗುಡುಗು ಮೋಡ 12 ಕಿಲೋಮೀಟರ್ ದಾಟಿ ಬೆಳೆಯುತ್ತದೆ. ಅಂದರೆ ಅದರ ಅರ್ಧಕ್ಕಿಂತ ಜಾಸ್ತಿ ಭಾಗ ಹೆಪ್ಪುಗಟ್ಟುವ ಚಳಿಯಲ್ಲೇ ಇರುತ್ತದೆ. ಆದರೆ ಸೊನ್ನೆ ಡಿಗ್ರಿ ಬಂದ ತಕ್ಷಣ ಮೋಡದ ಹನಿ ಗಡ್ಡೆಯಾಗುವುದಿಲ್ಲ. ಮೈನಸ್ 10, ಮೈನಸ್ 20ರಲ್ಲೂ ನೀರಾಗಿಯೇ ಇರಬಲ್ಲದು. ಗಡ್ಡೆಯಾಗಲು ತಕ್ಕ ಕಣ ಸಿಕ್ಕ ಕೆಲವು ಹನಿಗಳು ಮಾತ್ರ ಹಿಮದ ಹರಳಾಗುತ್ತವೆ. ಹೀಗೆ ನೀರಿನ ಹನಿ ಮತ್ತು ಹಿಮದ ಹರಳು ಅಕ್ಕಪಕ್ಕದಲ್ಲಿದ್ದಾಗ, ಗಾಳಿಯಲ್ಲಿರುವ ಆವಿ ಹನಿಗಿಂತ ಹರಳಿನ ಮೇಲೆ ಬೇಗ ಕೂರುತ್ತದೆ. ಹರಳು ಬೆಳೆಯುತ್ತದೆ, ಸುತ್ತಲಿನ ಹನಿಗಳು ಆವಿಯಾಗಿ ಕರಗುತ್ತವೆ. ಬೆಳೆದ ಹರಳು ಬೀಳುತ್ತಾ ಇನ್ನಷ್ಟು ಹನಿಗಳನ್ನು ಮೈಗೆ ಅಂಟಿಸಿಕೊಂಡು, ಕೆಳಗಿನ ಬಿಸಿ ಗಾಳಿಗೆ ಬಂದಾಗ ಕರಗಿ ದಪ್ಪ ಮಳೆಹನಿಯಾಗುತ್ತದೆ.

ಇದು ಹೊಳೆದ ಬಗೆ ಸೊಗಸಾಗಿದೆ. ಸ್ವೀಡನ್ನಿನ ಹವಾಮಾನ ವಿಜ್ಞಾನಿ ಟೋರ್ ಬೆರ್ಗೆರೊನ್ 1922ರಲ್ಲಿ ನಾರ್ವೆಯ ಓಸ್ಲೋ ಬಳಿಯ ಬೆಟ್ಟದ ಕಾಡುದಾರಿಯಲ್ಲಿ ಓಡಾಡುತ್ತಿದ್ದರು. ಉಷ್ಣತೆ ಸೊನ್ನೆಗಿಂತ ಮೇಲಿದ್ದ ದಿನ ಮಂಜು ಮರಗಳ ನಡುವೆ ನೆಲದವರೆಗೂ ತುಂಬಿಕೊಳ್ಳುತ್ತಿತ್ತು. ಸೊನ್ನೆಗಿಂತ ಸಾಕಷ್ಟು ಕೆಳಗಿದ್ದ ದಿನ ದಾರಿಯಲ್ಲಿ ಮಂಜೇ ಇರುತ್ತಿರಲಿಲ್ಲ. ಮರದ ಕೊಂಬೆಗಳ ಮೇಲೆ ಕೂತ ಹಿಮ ಸುತ್ತಲಿನ ಆವಿಯನ್ನು ಎಳೆದುಕೊಂಡು, ಮಂಜಿನ ಹನಿಗಳನ್ನು ಆರಿಸಿಬಿಡುತ್ತಿದೆ ಎಂದು ಅವರಿಗೆ ಹೊಳೆಯಿತು. ಮೋಡದಲ್ಲೂ ಹೀಗೇ ಆಗುತ್ತಿರಬೇಕು ಎಂದು ಅಲ್ಲಿಂದ ಯೋಚನೆ ಮುಂದುವರಿಯಿತು. ಖಂಡಗಳು ಸರಿಯುತ್ತವೆ ಎಂದು ಹೇಳಿದ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಈ ವಿಷಯವನ್ನು ಅದಕ್ಕೂ ಮೊದಲೇ ಬರೆದಿದ್ದರು.

ಈ ಎರಡು ದಾರಿಗಳ ವ್ಯತ್ಯಾಸವನ್ನು ನಾವು ಕಿವಿಯಲ್ಲೇ ಕೇಳಬಹುದು. ಜುಲೈ ತಿಂಗಳ ಮಲೆನಾಡಿನ ಮಳೆ ದಿನಗಟ್ಟಲೆ ಸುರಿಯುತ್ತದೆ, ಆದರೆ ಗುಡುಗು ಅಪರೂಪ. ಏಪ್ರಿಲ್ ಮಳೆ ಅರ್ಧ ಗಂಟೆ ಬಂದರೂ ಸಿಡಿಲಿಲ್ಲದೆ ಬರುವುದಿಲ್ಲ. ಮೋಡದಲ್ಲಿ ವಿದ್ಯುತ್ ಹುಟ್ಟುವುದು ಮುಖ್ಯವಾಗಿ ಮಂಜುಗಡ್ಡೆಯ ಚೂರುಗಳು ಮತ್ತು ಹಿಮದ ಹರಳುಗಳು ಒಂದಕ್ಕೊಂದು ತಾಗಿದಾಗ. ಜುಲೈನಲ್ಲಿ ಘಟ್ಟಕ್ಕೆ ತಾಗುವ ಮೋಡಗಳಲ್ಲಿ ಬಹಳಷ್ಟು ತಗ್ಗಿನವು. ಹಿಮದ ಎತ್ತರ ಮುಟ್ಟುವ ಮೊದಲೇ ಡಿಕ್ಕಿಯ ದಾರಿಯಲ್ಲೇ ಮಳೆ ಸುರಿಸಿ ಮುಗಿಸುತ್ತವೆ. ಏಪ್ರಿಲ್ ಮೋಡ ನೆಟ್ಟಗೆ ಆಕಾಶಕ್ಕೆ ಬೆಳೆಯುತ್ತದೆ. ಅದರೊಳಗೆ ಮೇಲೇರುವ ಗಾಳಿ ಎಷ್ಟು ಜೋರೆಂದರೆ, ಬೀಳಬೇಕಾದ ಗಡ್ಡೆಯನ್ನು ಮೇಲೆಯೇ ತಡೆದು ಹಿಡಿಯುತ್ತದೆ. ಅಲ್ಲಿ ಹನಿ ಮೇಲೆ ಹನಿ ಅಂಟಿ ಪದರ ಪದರವಾಗಿ ಬೆಳೆದದ್ದೇ ಆಲಿಕಲ್ಲು. ಶ್ರೀನಿವಾಸಪುರದ ಮಾವಿನ ತೋಟಕ್ಕೆ, ವಿಜಯಪುರದ ದ್ರಾಕ್ಷಿಗೆ ಏಪ್ರಿಲ್‌ನಲ್ಲಿ ಆಲಿಕಲ್ಲಿನ ಭಯ ಇರುವುದಕ್ಕೂ, ಜುಲೈನಲ್ಲಿ ಇಲ್ಲದಿರುವುದಕ್ಕೂ ಕಾರಣ ಇದೇ.

ಬೆಟ್ಟ ಎತ್ತಿದ ಮಳೆ

ಇನ್ನು ಮಳೆಯ ಬಗೆಗಳಿಗೆ ಬರೋಣ. ಗಾಳಿ ಮೇಲೇರದೆ ಮಳೆ ಇಲ್ಲ ಎಂದಮೇಲೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಆ ಗಾಳಿಯನ್ನು ಮೇಲಕ್ಕೆತ್ತಿದ್ದು ಯಾರು? ಬೆಟ್ಟವೋ, ಬಿಸಿಲೋ, ಸುಳಿಯೋ? ಮಳೆಯನ್ನು ವಿಂಗಡಿಸುವುದು ಈ ಉತ್ತರದ ಮೇಲೆ.

ಬೆಟ್ಟ ಎತ್ತಿದರೆ ಅದು ಆರೋಹ ಮಳೆ, ಪರ್ವತ ಮಳೆ ಅಂತಲೂ ಕರೆಯುತ್ತಾರೆ. ಇದಕ್ಕೆ ಪಶ್ಚಿಮ ಘಟ್ಟಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. ಜೂನ್ ಹೊತ್ತಿಗೆ ಆಫ್ರಿಕಾದ ಸೊಮಾಲಿಯಾ ತೀರದ ಕಡೆಯಿಂದ ಒಂದು ಬಲವಾದ ಗಾಳಿ ಅರಬ್ಬಿ ಸಮುದ್ರ ದಾಟಿ ನಮ್ಮ ಕರಾವಳಿಗೆ ನುಗ್ಗುತ್ತದೆ. ದಾರಿಯುದ್ದಕ್ಕೂ ಅದು ಆವಿ ತುಂಬಿಕೊಂಡಿರುತ್ತದೆ. ಕರಾವಳಿಯ ಪಟ್ಟಿ ತೀರಾ ಕಿರಿದು. ಅದು ಮುಗಿದ ಕೂಡಲೇ ಘಟ್ಟ ಗೋಡೆಯಂತೆ ಎದ್ದು ನಿಲ್ಲುತ್ತದೆ. ಗಾಳಿಗೆ ಹತ್ತುವುದು ಬಿಟ್ಟು ಬೇರೆ ದಾರಿ ಇಲ್ಲ. ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ, ಸರಿಯಾಗಿ ಘಟ್ಟದ ಅಂಚಿನಲ್ಲಿ. ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ, ಅಷ್ಟು ಏರಿದರೆ ಧಾರಾಳವಾಗಿ ಸಾಕು. ಬೀಸುವ ಗಾಳಿ ನಿಲ್ಲುವ ತನಕ ಮಳೆಯೂ ನಿಲ್ಲುವುದಿಲ್ಲ. ಜಡಿಮಳೆ ವಾರಗಟ್ಟಲೆ ಹಿಡಿಯುವುದು ಹೀಗೆ. ಮೇಘಾಲಯದ ಚಿರಾಪುಂಜಿ, ಮಾಸಿನ್‌ರಾಮ್‌ಗಳಲ್ಲೂ ನಡೆಯುವುದು ಇದೇ. ಅಲ್ಲಿ ಬಾಂಗ್ಲಾದ ಬಯಲು ದಾಟಿ ಬಂದ ಗಾಳಿಗೆ ಖಾಸಿ ಬೆಟ್ಟ ಎದುರಾಗುತ್ತದೆ.

ಕರಾವಳಿಯಲ್ಲೂ ಮಳೆ ಜೋರು ಅಲ್ವಾ, ಅಲ್ಲಿ ಬೆಟ್ಟ ಎಲ್ಲಿದೆ ಎಂದು ಕೇಳಬಹುದು. ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಬೀಳುತ್ತದೆ. ಘಟ್ಟದ ತಡೆಯಿಂದ ಗಾಳಿ ನಿಧಾನವಾಗಿ, ಬೆಟ್ಟ ತಲುಪುವ ಮುಂಚೆಯೇ ಒತ್ತೊತ್ತಾಗಿ ಮೇಲೇಳಲು ಶುರುಮಾಡುತ್ತದೆ. ತೀರದುದ್ದಕ್ಕೂ ಉಂಟಾಗುವ ಕಡಿಮೆ ಒತ್ತಡದ ಪಟ್ಟಿಯೂ ಅದಕ್ಕೆ ಸೇರುತ್ತದೆ. ಮುಂಗಾರಿನಲ್ಲಿ ಹವಾಮಾನ ವರದಿಗಳಲ್ಲಿ ಇದರ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ.

ಈಗ ಚಳ್ಳಕೆರೆ. ಘಟ್ಟ ದಾಟಿದ ಗಾಳಿ ಎರಡು ಕಾರಣಕ್ಕೆ ಬಡವಾಗಿರುತ್ತದೆ. ತಂದ ನೀರಿನಲ್ಲಿ ಸಾಕಷ್ಟನ್ನು ಆಚೆಯೇ ಸುರಿಸಿ ಬಂದಿದೆ. ಜೊತೆಗೆ, ಅದೀಗ ಇಳಿಯುತ್ತಿದೆ. ಇಳಿಯುವ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಬಿಸಿಯಾದ ಗಾಳಿಯಲ್ಲಿ ಇನ್ನೂ ಹೆಚ್ಚು ಆವಿಗೆ ಜಾಗ ಇರುವುದರಿಂದ ಇದ್ದ ಹನಿಗಳೂ ಆರುತ್ತವೆ. ಮಳೆ ನೆರಳಿನ ಪ್ರದೇಶ ಎಂದರೆ ಇದು. ಮೋಡ ಕಾಣುತ್ತದೆ, ಆದರೆ ಅದಕ್ಕೆ ಮೇಲೇರುವ ಬಲ ಇಲ್ಲ, ಹನಿ ಬೆಳೆಯುವಷ್ಟು ದಪ್ಪವೂ ಇಲ್ಲ. ಚಿತ್ರದುರ್ಗ, ಗದಗ, ಕೊಪ್ಪಳದ ರೈತರು ಜುಲೈ ತಿಂಗಳಿಡೀ ಮೇಲೆ ನೋಡಿ ಬೇಸರಪಡುವ ಮೋಡ ಇದೇ.

ಬಿಸಿಲು ಎತ್ತಿದ್ದು, ಸುಳಿ ಎತ್ತಿದ್ದು

ಮಾರ್ಚ್ ಕಳೆದು ಬಿಸಿಲು ಏರಿದಾಗ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರವಾಗಿ, ಮೇಲೇಳುತ್ತದೆ. ಅದರಲ್ಲಿ ಸಾಕಷ್ಟು ತೇವ ಇದ್ದರೆ ಮಧ್ಯಾಹ್ನದ ಮೇಲೆ ಮೋಡ ದಿಢೀರನೆ ಬೆಳೆಯುತ್ತದೆ. ಸಂಜೆಗೆ ಗುಡುಗು, ಸಿಡಿಲು, ಗಾಳಿ, ಜೋರು ಮಳೆ. ಪಠ್ಯಪುಸ್ತಕದ ಪರಿಸರಣ ಮಳೆ ಇದು. ಹಳ್ಳಿಗಳಲ್ಲಿ ಅಡ್ಡಮಳೆ ಎನ್ನುವುದು, ಮಾವಿನ ಮಳೆ ಎನ್ನುವುದು ಹೆಚ್ಚಾಗಿ ಈ ಬಗೆಯೇ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಕಾಯುವ ಹೂಮಳೆಯೂ ಇದೇ. ಗಿಡದಲ್ಲಿ ಮೊಗ್ಗು ತಯಾರಾಗಿ ಮಲಗಿರುತ್ತದೆ. ಒಂದು ಹದ ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ತೋಟ ಪೂರ್ತಿ ಬಿಳಿಯಾಗುತ್ತದೆ. ಮಳೆ ಅರೆಬರೆಯಾದರೆ ಹೂವೂ ಅರೆಬರೆ.

ಈ ಮಳೆಯ ಗುಣವೇ ಚೂರುಚೂರಾಗಿ ಬೀಳುವುದು. ಒಂದು ಮೋಡದ ಅಡಿ ಕೆಲವೇ ಕಿಲೋಮೀಟರ್ ಅಗಲ. ಜಯನಗರದಲ್ಲಿ ರಸ್ತೆ ತುಂಬಿ ಹರಿಯುವಾಗ ಹೆಬ್ಬಾಳದಲ್ಲಿ ಒಣ ಧೂಳು ಹಾರುತ್ತಿರಬಹುದು. ನಾಳೆ ಗುಡುಗು ಮಳೆ ಸಾಧ್ಯತೆ ಇದೆ ಎಂದು ಹೇಳಬಹುದು, ಆದರೆ ಯಾವ ಬಡಾವಣೆಗೆ ಎಷ್ಟು ಗಂಟೆಗೆ ಎಂದು ಹಿಂದಿನ ದಿನವೇ ಹೇಳಲು ಆಗುವುದಿಲ್ಲ. ಮುನ್ಸೂಚನೆ ಸುಳ್ಳಾಯಿತು ಎಂದು ಜನ ಬೈಯುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಎಷ್ಟೋ ಸಲ ಮುನ್ಸೂಚನೆ ಸರಿಯೇ ಇರುತ್ತದೆ, ಮಳೆ ಪಕ್ಕದ ಊರಿಗೆ ಬಿದ್ದಿರುತ್ತದೆ.

ಮೂರನೆಯದು ಆವರ್ತ ಮಳೆ. ಸಮುದ್ರದ ಮೇಲೆ ಒಂದು ಕಡೆ ಒತ್ತಡ ಕುಸಿದರೆ ಸುತ್ತಲಿನ ಗಾಳಿ ಸುಳಿಯಾಗಿ ಅತ್ತ ನುಗ್ಗುತ್ತದೆ. ಎಲ್ಲ ಕಡೆಯಿಂದ ಬಂದ ಗಾಳಿ ನಡುವೆ ಸೇರಿದಾಗ ಮೇಲೆ ಹೋಗಲೇಬೇಕು. ನೂರಾರು ಕಿಲೋಮೀಟರ್ ಅಗಲದ ಜಾಗದಲ್ಲಿ ಒಟ್ಟಿಗೆ ಗಾಳಿ ಏರುವುದರಿಂದ ಮಳೆ ಹಲವು ಜಿಲ್ಲೆಗಳಿಗೆ ಒಮ್ಮೆಲೇ ಬೀಳುತ್ತದೆ, ಎರಡು ಮೂರು ದಿನ ಹಿಡಿಯುತ್ತದೆ. ಅಕ್ಟೋಬರ್ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೆ ಒಂದು ವಾಯುಭಾರ ಕುಸಿತ ಹುಟ್ಟುತ್ತದೆ. ನಮ್ಮ ಹಿಂಗಾರಿಗೆ ಇದೇ ಆಧಾರ. ಈ ಗಾಳಿ ಪೂರ್ವದಿಂದ ಬರುವುದರಿಂದ ಇದಕ್ಕೆ ಘಟ್ಟ ಅಡ್ಡವಾಗುವುದಿಲ್ಲ. ಜುಲೈನಲ್ಲಿ ಒಣಗಿದ್ದ ಬಯಲುಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಳ್ಳೆಯ ಮಳೆ ಸಿಗುತ್ತದೆ. ವಿಜಯಪುರದ ಎರೆಭೂಮಿಯಲ್ಲಿ ಬಿಳಿಜೋಳ ಬೆಳೆಯುವುದು ಆ ತೇವದ ಮೇಲೆಯೇ.

ಇದೇ ಮಳೆ ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು 2009ರಲ್ಲಿ ಉತ್ತರ ಕರ್ನಾಟಕ ನೋಡಿದೆ. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಬಾಗಲಕೋಟೆ, ವಿಜಯಪುರ, ರಾಯಚೂರು, ಗದಗ, ಕೊಪ್ಪಳದ ಕಡೆ ಹಿಂದೆಂದೂ ಕಾಣದ ಮಳೆ ಸುರಿಯಿತು. ಬರಕ್ಕೆ ಹೊಂದಿಕೊಂಡಿದ್ದ ಊರುಗಳವು. ಮಣ್ಣಿನ ಮನೆಗಳು ನೆನೆದು ಕುಸಿದವು, ನೂರಾರು ಜನ ಸತ್ತರು. ತುಂಗಭದ್ರೆ ಉಕ್ಕಿ ಮಂತ್ರಾಲಯವೂ ಮುಳುಗಿತು.

ಬಿಸಿ ಗಾಳಿಯ ರಾಶಿಯೂ ತಂಪು ಗಾಳಿಯ ರಾಶಿಯೂ ಎದುರಾದಾಗ, ಹಗುರವಾದ ಬಿಸಿ ಗಾಳಿ ತಂಪು ಗಾಳಿಯ ಮೇಲೆ ಹತ್ತಿ ಬೀಳುವ ಮಳೆಯೂ ಇದೆ. ಅದು ವಾಯುಮುಖದ ಮಳೆ. ಯುರೋಪಿನಲ್ಲಿ, ಅಮೆರಿಕದಲ್ಲಿ ಇರುವ ಕನ್ನಡಿಗರಿಗೆ ಚಳಿಗಾಲದಲ್ಲಿ ದಿನವಿಡೀ ಹಿಡಿಯುವ ಸೋನೆ ಗೊತ್ತಿರುತ್ತದೆ, ಬಹುಪಾಲು ಈ ಬಗೆಯದು. ನಮ್ಮಲ್ಲಿ ಅಂಥ ಎರಡು ಗಾಳಿರಾಶಿಗಳು ಎದುರಾಗುವುದಿಲ್ಲ.

ಆದರೆ ಆಕಾಶ ಈ ಪಟ್ಟಿಗಳನ್ನು ಪಾಲಿಸುವುದಿಲ್ಲ. 2018ರ ಆಗಸ್ಟ್‌ನಲ್ಲಿ ಒಡಿಶಾ ತೀರದ ಬಳಿ ವಾಯುಭಾರ ಕುಸಿತ ಉಂಟಾಯಿತು. ಅದು ಎಷ್ಟೋ ದೂರದಲ್ಲಿದ್ದರೂ ಅರಬ್ಬಿ ಸಮುದ್ರದ ಗಾಳಿಯನ್ನು ಜೋರಾಗಿ ತನ್ನತ್ತ ಎಳೆಯಿತು. ಆ ಗಾಳಿ ಕೊಡಗಿನ, ಕೇರಳದ ಘಟ್ಟಕ್ಕೆ ಅಪ್ಪಳಿಸಿತು. ಮೊದಲೇ ನೆನೆದಿದ್ದ ಬೆಟ್ಟಗಳು ಜೋಡುಪಾಲ, ಮಕ್ಕಂದೂರಿನ ಕಡೆ ಜಾರಿ ಕುಸಿದವು. ಇದು ಆವರ್ತ ಮಳೆಯೋ, ಪರ್ವತ ಮಳೆಯೋ? ಸುಳಿ ಎಳೆಯಿತು, ಬೆಟ್ಟ ಎತ್ತಿತು. ಎರಡೂ ಸೇರಿದ್ದರಿಂದಲೇ ಅದು ಅಷ್ಟು ದೊಡ್ಡದಾಯಿತು.

ಮೋಡ ಬಿತ್ತನೆಯ ಬಗ್ಗೆ ಕೇಳುವವರಿಗೂ ಉತ್ತರ ಇಷ್ಟರಲ್ಲೇ ಇದೆ. 2017ರಲ್ಲಿ ನಮ್ಮ ರಾಜ್ಯದಲ್ಲೂ ಅದನ್ನು ಮಾಡಿದರು. ಬಿತ್ತನೆ ಎಂದರೆ ಹನಿ ಬೆಳೆಯಲು ಬೇಕಾದ ಕಣಗಳನ್ನು ಮೋಡಕ್ಕೆ ಎರಚುವುದು. ತಗ್ಗಿನ ಬಿಸಿ ಮೋಡಕ್ಕಾದರೆ ಉಪ್ಪು, ಹಿಮದ ಎತ್ತರ ಮುಟ್ಟಿದ ಮೋಡಕ್ಕಾದರೆ ಸಿಲ್ವರ್ ಅಯೋಡೈಡ್. ಅಂದರೆ ಎರಡನೇ ತಡೆಗೆ ಮಾತ್ರ ಇದು ಸಹಾಯ. ಗಾಳಿಯನ್ನು ಎತ್ತುವ ಶಕ್ತಿ ವಿಮಾನಕ್ಕಿಲ್ಲ, ಇಲ್ಲದ ಮೋಡವನ್ನು ಕಟ್ಟಲು ಆಗುವುದಿಲ್ಲ. ತಕ್ಕ ಮೋಡ ಇದ್ದಾಗ ಒಂದಿಷ್ಟು ಹೆಚ್ಚು ಮಳೆ ಸಿಗಬಹುದು, ಅಷ್ಟೇ. ಅದನ್ನು ಬರಕ್ಕೆ ಮದ್ದು ಎಂದು ಹೇಳುವುದು ಸರಿಯಲ್ಲ.

ಕೊನೆಯದಾಗಿ ಅಳತೆಯ ವಿಷಯ. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಬೆಂಗಳೂರಿನ 30x40 ಸೈಟಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 11,000 ಲೀಟರಿಗೂ ಹೆಚ್ಚು. ಹವಾಮಾನ ಇಲಾಖೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗಿನ ಮಳೆಯನ್ನು ಲೆಕ್ಕ ಹಾಕುತ್ತದೆ. ಅದು 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಆದರೆ ಇಡೀ ದಿನದ ಲೆಕ್ಕದಲ್ಲಿ ಮಳೆಯ ಬಗೆ ಕಾಣುವುದಿಲ್ಲ. ಆಗುಂಬೆಯಲ್ಲಿ 100 ಮಿ.ಮೀ. ಹಗಲು ರಾತ್ರಿ ಹಂಚಿಕೊಂಡು ಸುರಿದರೆ ಅದು ಜುಲೈನ ಒಂದು ಸಾಧಾರಣ ದಿನ. ಅಷ್ಟೇ ಮಳೆಯನ್ನು ಬೆಂಗಳೂರಿನ ಮೇಲೆ ಒಂದು ಗುಡುಗು ಮೋಡ ಎರಡು ಗಂಟೆಯಲ್ಲಿ ಸುರಿದರೆ ಯಾವ ರಾಜಕಾಲುವೆಯೂ ತಡೆಯಲಾರದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರಲ್ಲಿ ಸುಮಾರು 7 ಶೇಕಡಾ ಹೆಚ್ಚು ಆವಿ ಇರಬಹುದು. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಗಂಟೆಗೆ ಎಷ್ಟು ಮಳೆ ಎಂಬ ಲೆಕ್ಕವೇ ದಿನದ ಲೆಕ್ಕಕ್ಕಿಂತ ಮುಖ್ಯವಾಗುತ್ತಿದೆ. ಕರ್ನಾಟಕದಲ್ಲಿ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ತಾನಾಗಿಯೇ ಅಂಕಿ ಕಳಿಸುವ ಮಳೆಮಾಪಕಗಳಿವೆ, ಹಾಗಾಗಿ ಆ ಲೆಕ್ಕ ನಮಗೆ ಸಿಗುತ್ತದೆ. ಚರಂಡಿಯ ಅಗಲ, ಸೇತುವೆಯ ಎತ್ತರ, ಕೆರೆ ಕೋಡಿಯ ಅಳತೆ ಗೊತ್ತುಮಾಡುವಾಗ ಅದನ್ನು ಬಳಸಬೇಕು.